ಸಂಘದ ಚುನಾವಣೆ ಬಂದಾಗ ಸಂಘದ ಪತ್ರಿಕೆ ಹೇಗಿರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಯಲ್ಲಾಪುರ, ದಾಂಡೇಲಿಯವರೆಗೆ ನಮ್ಮ ಜಿಲ್ಲೆಯಲ್ಲಿ ಕಾರ್ಮಿಕ ಸಂಘಗಳಿಗೆ ಕೊರತೆಯಿಲ್ಲ. ಬಸ್ ಡಿಪೋ, ಬಂದರು, ಕಾಗದ ಕಾರ್ಖಾನೆ, ವಿದ್ಯುತ್ ಕೇಂದ್ರ, ಅಂಗನವಾಡಿ, ಗ್ರಾಮ ಪಂಚಾಯತಿ, ಎಲ್ಲ ಕಡೆಯೂ ಇವೆ. ಹಲವು ಸಂಘಗಳು ತ್ರೈಮಾಸಿಕವನ್ನೋ ನಾಲ್ಕು ಪುಟದ ಸುದ್ದಿಪತ್ರವನ್ನೋ ತರುತ್ತವೆ. ಪತ್ರಿಕೆ ಇಲ್ಲದವರಿಗೂ ನೋಟಿಸ್ ಬೋರ್ಡು, ವಾಟ್ಸ್ಆ್ಯಪ್ ಗ್ರೂಪು ಇದ್ದೇ ಇರುತ್ತದೆ. ಪದಾಧಿಕಾರಿಗಳ ಚುನಾವಣೆ ಹತ್ತಿರ ಬಂದ ಕೂಡಲೇ ಇವುಗಳ ಸುತ್ತ ಜಗಳ ಶುರುವಾಗುತ್ತದೆ. ಸಂಘದ ಪತ್ರಿಕೆಯ ಕೆಲಸ ಮತ್ತು ಸಂಘಗಳ ಚುನಾವಣೆ ನಡೆಸುವ ಕೆಲಸ ಎರಡನ್ನೂ ಮಾಡುತ್ತ ಬಂದ ನನ್ನನ್ನು ಸದಸ್ಯರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಸಂಘದ ಪತ್ರಿಕೆಗೆ ಚುನಾವಣೆ ಕಾಲದಲ್ಲಿ ಬೇರೆ ನಿಯಮ ಯಾಕೆ ಬೇಕು?

ಪತ್ರಿಕೆಯ ಮುದ್ರಣದ ಬಿಲ್ಲು ಕಟ್ಟುವುದು ಸದಸ್ಯರ ವಂತಿಗೆಯಿಂದ. ಅಧ್ಯಕ್ಷರ ಎದುರು ನಿಂತ ಕಂಡಕ್ಟರ್ ಕೂಡ ಅದೇ ವಂತಿಗೆ ಕೊಟ್ಟಿದ್ದಾರೆ. ಅವರ ಹಣದಲ್ಲೇ ಅಚ್ಚಾದ ಪುಟ ಅವರನ್ನೇ ಸೋಲಿಸಲು ಬಳಕೆಯಾದರೆ ಅದು ಅನ್ಯಾಯ. ಮುಂದಿನ ಎಲ್ಲ ಉತ್ತರಗಳೂ ಈ ಒಂದು ಮಾತಿನಿಂದಲೇ ಹುಟ್ಟಿದವು.

ಇನ್ನೊಂದು ಕಾರಣವೂ ಇದೆ. ಹಾಲಿ ಪದಾಧಿಕಾರಿಗಳಿಗೆ ಹೇಗೂ ಅನುಕೂಲ ಹೆಚ್ಚು. ಸಭೆಯಲ್ಲಿ ವೇದಿಕೆ ಅವರದು, ಆಡಳಿತದ ಜೊತೆ ಮಾತುಕತೆಗೆ ಹೋಗುವವರು ಅವರು, ಎಲ್ಲ ಶಾಖೆಗಳಿಗೆ ಓಡಾಡುವವರೂ ಅವರೇ. ಹೊಸಬರಿಗೆ ಜೊಯಿಡಾದ ಸದಸ್ಯನ ಮುಖ ನೋಡುವುದಕ್ಕೂ ಒಂದು ದಿನದ ರಜೆ ಹಾಕಬೇಕು. ಪತ್ರಿಕೆಯೂ ಒಂದೇ ಕಡೆ ವಾಲಿದರೆ ಚುನಾವಣೆ ಹೆಸರಿಗಷ್ಟೇ ಉಳಿಯುತ್ತದೆ.

ಒಂದು ಪತ್ರಿಕೆಯಿಂದ ಅಷ್ಟೆಲ್ಲ ಆಗುತ್ತದೆಯೇ? ಎಲ್ಲಾದರೂ ಆಗಿದೆಯೇ?

ಆಗಿದೆ. ಅಮೆರಿಕದ ಗಣಿ ಕಾರ್ಮಿಕರ ಸಂಘ ಯುನೈಟೆಡ್ ಮೈನ್ ವರ್ಕರ್ಸ್‌ನಲ್ಲಿ 1969ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆಯಿತು. ಹಾಲಿ ಅಧ್ಯಕ್ಷ ಟೋನಿ ಬಾಯ್ಲ್, ಎದುರಾಳಿ ಜೋಸೆಫ್ ಯಬ್ಲಾನ್ಸ್ಕಿ. ಸಂಘದ ಮುಖಪತ್ರ ಬಾಯ್ಲ್ ಪರ ಪ್ರಚಾರಕ್ಕೆ ಬಳಕೆಯಾಗುತ್ತಿದೆ ಎಂದು ಯಬ್ಲಾನ್ಸ್ಕಿ ಕೋರ್ಟಿಗೆ ಹೋದರು. ಕೋರ್ಟ್ ಅದನ್ನು ಒಪ್ಪಿ ತಡೆ ನೀಡಿತು. ಡಿಸೆಂಬರ್‌ನಲ್ಲಿ ಮತದಾನ ನಡೆದು ಬಾಯ್ಲ್ ಗೆದ್ದರೆಂದು ಘೋಷಣೆಯಾಯಿತು. ಅದೇ ತಿಂಗಳ ಕೊನೆಯ ರಾತ್ರಿ ಯಬ್ಲಾನ್ಸ್ಕಿ, ಅವರ ಹೆಂಡತಿ ಮತ್ತು ಮಗಳನ್ನು ಮನೆಯಲ್ಲೇ ಕೊಲ್ಲಲಾಯಿತು. ಕೊಲೆ ಮಾಡಿಸಿದ ಅಪರಾಧದಲ್ಲಿ ಬಾಯ್ಲ್‌ಗೆ ಮುಂದೆ ಶಿಕ್ಷೆಯಾಯಿತು. 1972ರಲ್ಲಿ ಕೋರ್ಟ್ ಆ ಚುನಾವಣೆಯನ್ನೇ ರದ್ದು ಮಾಡಿತು. ಸರ್ಕಾರದ ಕಾರ್ಮಿಕ ಇಲಾಖೆಯ ಮೇಲ್ವಿಚಾರಣೆಯಲ್ಲಿ ಮರುಚುನಾವಣೆ ನಡೆದು ಆರ್ನಾಲ್ಡ್ ಮಿಲ್ಲರ್ ಎಂಬ ಗಣಿ ಕಾರ್ಮಿಕ ಗೆದ್ದರು.

ಅಷ್ಟು ಭೀಕರವಾದದ್ದು ಎಲ್ಲ ಕಡೆ ನಡೆಯುವುದಿಲ್ಲ. ಆದರೆ ಎದುರಾಳಿಗೆ ಸಂಘದೊಳಗೆ ಬಾಯಿ ಇಲ್ಲದಂತೆ ಮಾಡುವ ಕೆಲಸ ಮುಖಪತ್ರದ ಪುಟಗಳಿಂದಲೇ ಶುರುವಾಗುತ್ತದೆ ಎಂಬುದಕ್ಕೆ ಈ ಚರಿತ್ರೆ ಸಾಕ್ಷಿ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ?

1926ರ ಕಾರ್ಮಿಕ ಸಂಘಗಳ ಕಾಯ್ದೆಯಲ್ಲಿ ಪತ್ರಿಕೆಯ ಪ್ರಸ್ತಾಪವಿತ್ತು. ಸಂಘದ ಸಾಮಾನ್ಯ ನಿಧಿಯನ್ನು ಯಾವುದಕ್ಕೆ ಖರ್ಚು ಮಾಡಬಹುದು ಎಂದು ಹೇಳುವ 15ನೇ ಕಲಂನಲ್ಲಿ, ಮುಖ್ಯವಾಗಿ ಮಾಲೀಕರ ಮತ್ತು ಕಾರ್ಮಿಕರ ಪ್ರಶ್ನೆಗಳನ್ನು ಚರ್ಚಿಸುವ ನಿಯತಕಾಲಿಕದ ನಿರ್ವಹಣೆಯೂ ಸೇರಿತ್ತು. ಅಭ್ಯರ್ಥಿಯೊಬ್ಬರ ಪ್ರಚಾರ ಆ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಇದನ್ನು ಓದಿಯೇ ಎಷ್ಟೋ ಸಭೆಗಳಲ್ಲಿ ವಾದ ಮುಗಿದದ್ದಿದೆ. ಸದಸ್ಯರ ಪಟ್ಟಿಯನ್ನೂ ಲೆಕ್ಕದ ಪುಸ್ತಕವನ್ನೂ ನೋಡುವ ಹಕ್ಕನ್ನು 20ನೇ ಕಲಂ ಪ್ರತಿ ಸದಸ್ಯನಿಗೂ ಕೊಟ್ಟಿತ್ತು. ಪದಾಧಿಕಾರಿಗಳ ಅವಧಿ ಮೂರು ವರ್ಷ ಮೀರಬಾರದು ಎಂಬುದು 2001ರ ತಿದ್ದುಪಡಿಯಲ್ಲಿ ಸೇರಿತು.

2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಪದಾಧಿಕಾರಿಗಳ ಚುನಾವಣೆಯ ಬಗ್ಗೆ ಸದಸ್ಯರಿಗೂ ಸಂಘಕ್ಕೂ ವಿವಾದ ಬಂದರೆ ಅದನ್ನು ಕೈಗಾರಿಕಾ ನ್ಯಾಯಮಂಡಳಿಯ ಮುಂದೆ ಒಯ್ಯಲು ಸಂಹಿತೆಯ 22ನೇ ಕಲಂ ದಾರಿ ಕೊಡುತ್ತದೆ. ಚುನಾವಣೆ ಕಾಲದಲ್ಲಿ ಪತ್ರಿಕೆ ಹೇಗಿರಬೇಕು ಎಂಬ ಸೂಕ್ಷ್ಮಗಳನ್ನು ಸಂಘದ ಬೈಲಾದಲ್ಲಿ ನಾವೇ ಬರೆದುಕೊಳ್ಳಬೇಕು. ಅದಕ್ಕಾಗಿಯೇ ಈ ಪ್ರಶ್ನೋತ್ತರ.

ಬೇರೆ ದೇಶಗಳಲ್ಲಿ ಏನು ನಿಯಮವಿದೆ? ನಮಗೆ ಉಪಯೋಗಕ್ಕೆ ಬರುತ್ತದೆಯೇ?

ನಮ್ಮ ಬೈಲಾ ಬರೆಯುವಾಗ ಮಾದರಿಯಾಗಿ ನೋಡಬಹುದು. ಅಮೆರಿಕದ 1959ರ ಕಾಯ್ದೆಯ ಪ್ರಕಾರ ಸಂಘದ ಹಣವಾಗಲಿ ಮಾಲೀಕರ ಹಣವಾಗಲಿ ಯಾವ ಅಭ್ಯರ್ಥಿಯ ಪ್ರಚಾರಕ್ಕೂ ಬಳಕೆಯಾಗುವಂತಿಲ್ಲ. ಅಭ್ಯರ್ಥಿ ತನ್ನ ಖರ್ಚಿನಲ್ಲಿ ಕರಪತ್ರ ಕಳಿಸಬೇಕೆಂದರೆ ಸಂಘ ಅದನ್ನು ಸದಸ್ಯರಿಗೆ ತಲುಪಿಸಿಕೊಡಬೇಕು, ಒಬ್ಬರಿಗೆ ಕೊಟ್ಟ ಸೌಲಭ್ಯವನ್ನು ಇನ್ನೊಬ್ಬರಿಗೂ ಕೊಡಬೇಕು.

ಬ್ರಿಟನ್‌ನ 1992ರ ಕಾಯ್ದೆ ನನಗೆ ಹೆಚ್ಚು ಇಷ್ಟ. ಅಲ್ಲಿ ಪ್ರತಿ ಅಭ್ಯರ್ಥಿಯೂ ತನ್ನ ಹೇಳಿಕೆ ಬರೆದುಕೊಡಬಹುದು. ಪದಗಳ ಮಿತಿಯನ್ನು ಸಂಘ ನಿಗದಿ ಮಾಡಬಹುದು, ಆದರೆ 100 ಪದಕ್ಕಿಂತ ಕಡಿಮೆ ಮಾಡುವಂತಿಲ್ಲ. ಆ ಹೇಳಿಕೆಗಳು ಮತಪತ್ರದ ಜೊತೆಗೇ, ಅಭ್ಯರ್ಥಿಗೆ ಖರ್ಚಿಲ್ಲದೆ ಮತದಾರರಿಗೆ ತಲುಪಬೇಕು. ಅಭ್ಯರ್ಥಿಯ ಒಪ್ಪಿಗೆಯಿಲ್ಲದೆ ಹೇಳಿಕೆಯ ಒಂದು ಅಕ್ಷರವನ್ನೂ ತಿದ್ದುವಂತಿಲ್ಲ. ಖರ್ಚು ಸಂಘದ್ದು, ಮಾತು ಅಭ್ಯರ್ಥಿಯದು. ಕೈಯಲ್ಲಿ ಕಾಸಿಲ್ಲದ ಕಾರ್ಮಿಕನೂ ಹೀಗಾದರೆ ನಿಲ್ಲಬಹುದು.

‘ಸಂಘದ ಪ್ರಕಟಣೆ’ ಎಂದರೆ ಯಾವುದೆಲ್ಲ?

ಸಂಘದ ಹಣ, ಹೆಸರು, ಲೆಟರ್‌ಹೆಡ್, ಸಿಬ್ಬಂದಿ ಅಥವಾ ಫೋನ್ ನಂಬರುಗಳ ಪಟ್ಟಿ ಬಳಸಿ ಹೊರಬರುವ ಎಲ್ಲವೂ. ಪತ್ರಿಕೆ, ಸುತ್ತೋಲೆ, ಗೇಟಿನ ಬಳಿಯ ಬೋರ್ಡು, ಫ್ಲೆಕ್ಸು, ಕ್ಯಾಲೆಂಡರು, ವಾಟ್ಸ್ಆ್ಯಪ್ ಗ್ರೂಪು, ಫೇಸ್‌ಬುಕ್ ಪುಟ, ಗೇಟ್ ಮೀಟಿಂಗಿನ ಮೈಕು. ಕ್ಯಾಲೆಂಡರನ್ನು ಮರೆಯಬೇಡಿ. ಹೊಸ ವರ್ಷಕ್ಕೆ ಅಧ್ಯಕ್ಷರ ಫೋಟೊ ಹಾಕಿ ಹಂಚಿದ ಕ್ಯಾಲೆಂಡರು ಫೆಬ್ರವರಿಯ ಚುನಾವಣೆಯ ದಿನವೂ ಸದಸ್ಯರ ಗೋಡೆಯ ಮೇಲೇ ಇರುತ್ತದೆ.

ನಿಯಮ ಯಾವಾಗಿನಿಂದ ಜಾರಿಗೆ ಬರಬೇಕು?

ನಾಮಪತ್ರ ಸಲ್ಲಿಕೆಯ ದಿನದಿಂದ ಎಂದು ಬರೆದುಕೊಂಡರೆ ತಡವಾಗುತ್ತದೆ. ಅಷ್ಟರೊಳಗೆ ಎರಡು ಸಂಚಿಕೆ ಮುಗಿದಿರುತ್ತವೆ. ಅವಧಿ ಮುಗಿಯುವ ಮೂರು ತಿಂಗಳ ಮೊದಲು ಅಥವಾ ಕಾರ್ಯಕಾರಿ ಸಮಿತಿ ಚುನಾವಣೆಯ ತೀರ್ಮಾನ ಮಾಡಿದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಂದ ಎಂದು ಬರೆಯಿರಿ. ನಿಯಮವನ್ನು ಅಂಗೀಕರಿಸುವ ಕೆಲಸ ಅದಕ್ಕೂ ಮೊದಲಿನ ವಾರ್ಷಿಕ ಸಭೆಯಲ್ಲೇ ಆಗಿರಬೇಕು. ಯಾರು ನಿಲ್ಲುತ್ತಾರೆಂದು ಗೊತ್ತಾದ ಮೇಲೆ ಬರೆದ ನಿಯಮವನ್ನು ಯಾವ ಬಣವೂ ನಂಬುವುದಿಲ್ಲ.

ಹಾಗಾದರೆ ಹಾಲಿ ಅಧ್ಯಕ್ಷರ ಸುದ್ದಿಯನ್ನೇ ಹಾಕಬಾರದೇ?

ಹಾಕಬೇಕು. ವೇತನ ಒಪ್ಪಂದದ ಮಾತುಕತೆ ಎಲ್ಲಿಗೆ ಬಂತು, ಬೋನಸ್ ಏನಾಯಿತು, ಅಮಾನತಾದವರ ಗತಿಯೇನು ಎಂದು ತಿಳಿಯುವ ಹಕ್ಕು ಸದಸ್ಯರಿಗಿದೆ. ಚುನಾವಣೆಯ ನೆಪದಲ್ಲಿ ಪತ್ರಿಕೆ ಬಾಯಿ ಮುಚ್ಚಿಕೊಂಡರೆ ಆಡಳಿತಕ್ಕೇ ಲಾಭ. ನೋಡಬೇಕಾದದ್ದು ಸುದ್ದಿಯ ಧಾಟಿ, ಹುರುಳು ಮತ್ತು ಹೊತ್ತು. ಅಮೆರಿಕದ ಕೋರ್ಟುಗಳೂ ಇಂಥ ತಕರಾರುಗಳಲ್ಲಿ ಈ ಮೂರನ್ನೇ ನೋಡಿವೆ.

ಒಂದೇ ಸುದ್ದಿಯನ್ನು ಎರಡು ರೀತಿ ಬರೆದು ತೋರಿಸುತ್ತೇನೆ. ಮೊದಲನೆಯದು: “ನಮ್ಮ ನೆಚ್ಚಿನ ಅಧ್ಯಕ್ಷರ ಅವಿರತ ಹೋರಾಟದ ಫಲವಾಗಿ ಡಿಪೋದ ವಿಶ್ರಾಂತಿ ಕೊಠಡಿಗೆ ಹೊಸ ಮಂಚಗಳು ಬಂದಿವೆ. ಇಂಥ ನಾಯಕತ್ವ ಮುಂದೆಯೂ ಬೇಕು ಎಂಬುದು ಕಾರ್ಮಿಕರ ಒಕ್ಕೊರಲ ಅಭಿಪ್ರಾಯ.” ಎರಡನೆಯದು: “ಡಿಪೋದ ವಿಶ್ರಾಂತಿ ಕೊಠಡಿಗೆ ಹನ್ನೆರಡು ಮಂಚ, ನಾಲ್ಕು ಫ್ಯಾನು ಬಂದಿವೆ. ಸಂಘ ಮಾರ್ಚ್‌ನಲ್ಲಿ ಕೊಟ್ಟ ಮನವಿಯನ್ನು ಆಡಳಿತ ಒಪ್ಪಿದೆ. ನೈಟ್ ಹಾಲ್ಟ್ ಇರುವವರು ಕೊಠಡಿಯ ಕೀಲಿಯನ್ನು ಡಿಪೋ ಕಚೇರಿಯಲ್ಲಿ ಕೇಳಿ ಪಡೆಯಬೇಕು.”

ಎರಡನೆಯದನ್ನು ಓದಿದ ಡ್ರೈವರ್‌ಗೆ ಅಂದು ರಾತ್ರಿ ಎಲ್ಲಿ ಮಲಗಬೇಕೆಂದು ತಿಳಿಯುತ್ತದೆ. ಮೊದಲನೆಯದರಲ್ಲಿ ಮಂಚ ಎಷ್ಟು ಎಂಬುದೂ ಇಲ್ಲ, ಕೀಲಿ ಎಲ್ಲಿ ಎಂಬುದೂ ಇಲ್ಲ. ಇರುವುದು ಯಾರಿಗೆ ಮತ ಹಾಕಬೇಕೆಂಬುದು ಮಾತ್ರ. ‘ಸಂಘ’ ಎಂದು ಬರೆಯುವ ಕಡೆ ವ್ಯಕ್ತಿಯ ಹೆಸರು ನುಸುಳಿದೆಯೇ, ಹೊಗಳಿಕೆಯ ವಿಶೇಷಣ ಇದೆಯೇ, ‘ಮುಂದೆಯೂ’ ಎಂಬ ಮಾತು ಇಣುಕಿದೆಯೇ, ಪ್ರೂಫ್ ನೋಡುವಾಗ ಈ ಮೂರನ್ನು ಕೆಂಪು ಪೆನ್ನಿನಲ್ಲಿ ಸುತ್ತುಹಾಕಿ. ಮುಕ್ಕಾಲು ಪಾಲು ತಕರಾರು ಅಲ್ಲೇ ನಿಲ್ಲುತ್ತದೆ.

ಹೊತ್ತಿನ ಬಗ್ಗೆಯೂ ಒಂದು ಮಾತು. ಎರಡು ವರ್ಷ ಯಾರೂ ಬರೆಯದಿದ್ದ “ನಮ್ಮ ಅವಧಿಯ ಸಾಧನೆಗಳು” ಎಂಬ ಲೇಖನ ಮತದಾನಕ್ಕೆ ಮೂರು ವಾರ ಇರುವಾಗ ಬಂದರೆ ಅದನ್ನು ವರದಿ ಎನ್ನಲಾಗದು. ವಾರ್ಷಿಕ ವರದಿ ಪ್ರತಿ ವರ್ಷ ಬರುವ ತಿಂಗಳಲ್ಲೇ, ಪ್ರತಿ ವರ್ಷದಷ್ಟೇ ಉದ್ದದಲ್ಲಿ ಬರಲಿ.

ಫೋಟೊ ವಿಷಯ?

ಬರಹಕ್ಕಿಂತ ಫೋಟೊ ಹೆಚ್ಚು ಕೆಲಸ ಮಾಡುತ್ತದೆ. ಪಾಳಿ ಮುಗಿಸಿ ಬಂದವರು ಲೇಖನ ಓದದಿದ್ದರೂ ಫೋಟೊ ನೋಡೇ ನೋಡುತ್ತಾರೆ. ನಿಯಮ ಜಾರಿಯಲ್ಲಿರುವಾಗ ಮುಖಪುಟದಲ್ಲಿ ಯಾವ ಅಭ್ಯರ್ಥಿಯ ಫೋಟೊವೂ ಬೇಡ. ಒಳಗಿನ ಸುದ್ದಿಗೆ ಫೋಟೊ ಬೇಕೆಂದರೆ ಧರಣಿಯಲ್ಲಿ ಕೂತವರದ್ದೋ ದುರಸ್ತಿಯಾದ ಶೆಡ್ಡಿನದ್ದೋ ಹಾಕಿ. ಹಾರ ಹಾಕುವ, ಶಾಲು ಹೊದಿಸುವ ಫೋಟೊ ಚುನಾವಣೆ ಮುಗಿಯುವವರೆಗೆ ಕಾಯಲಿ. ಅಭ್ಯರ್ಥಿಗಳ ಹೇಳಿಕೆಯ ಜೊತೆ ಹಾಕುವುದಾದರೆ ಎಲ್ಲರದೂ ಒಂದೇ ಅಳತೆಯ ಪಾಸ್‌ಪೋರ್ಟ್ ಫೋಟೊ ಇರಲಿ. ಒಬ್ಬರದು ಬಣ್ಣದಲ್ಲಿ, ಇನ್ನೊಬ್ಬರದು ಆಧಾರ್ ಕಾರ್ಡಿನ ಜೆರಾಕ್ಸಿನಿಂದ ತೆಗೆದ ಕಪ್ಪು ಮುಖ ಎಂದಾಗಬಾರದು.

ಅಭ್ಯರ್ಥಿಗಳ ಹೇಳಿಕೆಯನ್ನು ಹೇಗೆ ಪ್ರಕಟಿಸಬೇಕು?

ಮತದಾನಕ್ಕೆ ಮೊದಲಿನ ಕೊನೆಯ ಸಂಚಿಕೆಯಲ್ಲಿ ಇದಕ್ಕೆಂದೇ ಪುಟ ಮೀಸಲಿಡಿ. ಒಂದೇ ಹುದ್ದೆಗೆ ನಿಂತವರ ಹೇಳಿಕೆಗಳು ಎದುರುಬದುರು ಪುಟದಲ್ಲೋ ಒಂದೇ ಪುಟದಲ್ಲೋ ಇರಲಿ. 200 ಪದ ಸಾಕಾಗುತ್ತದೆ. ಅಕ್ಷರದ ಗಾತ್ರ ಒಂದೇ, ಶೀರ್ಷಿಕೆಯಾಗಿ ಹೆಸರು ಮತ್ತು ಶಾಖೆ ಮಾತ್ರ. ಯಾರದು ಮೊದಲು ಎಂಬುದನ್ನು ಅಭ್ಯರ್ಥಿಗಳ ಎದುರಿನಲ್ಲೇ ಚೀಟಿ ಎತ್ತಿ ತೀರ್ಮಾನಿಸಿ. ಅಕಾರಾದಿ ಕ್ರಮವೂ ನಡೆಯುತ್ತದೆ, ಆದರೆ ಆನಂದ ಎಂಬವರಿಗೆ ಪ್ರತಿ ಸಲವೂ ಮೇಲಿನ ಜಾಗ ಸಿಗುತ್ತದೆ.

ಡಿಟಿಪಿ ಆದ ಪುಟವನ್ನು ಪ್ರತಿ ಅಭ್ಯರ್ಥಿಗೂ ತೋರಿಸಿ ಸಹಿ ಪಡೆಯಿರಿ. ಇದನ್ನು ಬಿಡಲೇಬೇಡಿ. ಒಂದು ಸಾಲು ಹಾರಿಹೋದರೂ “ಬೇಕೆಂದೇ ಬಿಟ್ಟರು” ಎಂಬ ಮಾತು ಹುಟ್ಟುತ್ತದೆ, ಆಮೇಲೆ ಎಷ್ಟು ಹೇಳಿದರೂ ಯಾರೂ ಕೇಳುವುದಿಲ್ಲ. ಕಾಗುಣಿತ ತಿದ್ದುವುದಿದ್ದರೂ ಅವರನ್ನು ಕೇಳಿಯೇ ತಿದ್ದಿ.

ಒಬ್ಬರು ಹೇಳಿಕೆ ಕೊಡಲೇ ಇಲ್ಲವೆಂದರೆ?

ಅವರ ಜಾಗದಲ್ಲಿ “ಹೇಳಿಕೆ ಬಂದಿಲ್ಲ” ಎಂದು ಬರೆದು ಖಾಲಿ ಬಿಡಿ. ಆ ಜಾಗವನ್ನು ಇನ್ನೊಬ್ಬರಿಗೆ ಕೊಡಬೇಡಿ. ಬರೆಯಲು ಬಾರದವರು, ಬರೆಯಲು ಅಳುಕುವವರು ನಮ್ಮಲ್ಲಿ ಇದ್ದಾರೆ. ಅವರು ಹೇಳಿದ್ದನ್ನು ಚುನಾವಣಾಧಿಕಾರಿ ಬರೆದುಕೊಂಡು, ಓದಿ ಹೇಳಿ, ಒಪ್ಪಿಗೆ ಪಡೆಯಲಿ. ಹಮಾಲಿ ಕೆಲಸದವರ ಸಂಘದಲ್ಲೂ ಅಂಗನವಾಡಿ ಸಹಾಯಕಿಯರ ಸಂಘದಲ್ಲೂ ಇದು ಅತಿ ಅಗತ್ಯ.

ಹೇಳಿಕೆಯಲ್ಲಿ ಎದುರಾಳಿಯ ಮೇಲೆ ಆರೋಪ ಇದ್ದರೆ ಕತ್ತರಿಸಬಹುದೇ?

ಟೀಕೆಯನ್ನು ಕತ್ತರಿಸಬಾರದು. “ಮೂರು ವರ್ಷದಲ್ಲಿ ಒಂದೂ ಲೆಕ್ಕ ಸಭೆಯ ಮುಂದೆ ಬಂದಿಲ್ಲ” ಎಂದು ಬರೆಯುವುದು ಸದಸ್ಯನ ಹಕ್ಕು, ಖಜಾಂಚಿಗೆ ಎಷ್ಟೇ ಮುಜುಗರವಾದರೂ ಸರಿ. ಆದರೆ “ಖಜಾಂಚಿ ಇಷ್ಟು ಹಣ ನುಂಗಿದ್ದಾರೆ” ಎಂಬುದು ಬೇರೆ ಮಾತು. ಸುಳ್ಳಾದರೆ ಅದು ಮಾನನಷ್ಟ, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿ ಶಿಕ್ಷೆಯಿದೆ, ಅಚ್ಚು ಹಾಕಿದ ಸಂಘವೂ ಸಿಕ್ಕಿಬೀಳಬಹುದು. ಇಂಥ ಸಾಲು ಬಂದರೆ ಚುನಾವಣಾಧಿಕಾರಿ ಅಭ್ಯರ್ಥಿಯನ್ನು ಕರೆದು ದಾಖಲೆ ಕೇಳಲಿ, ಇಲ್ಲದಿದ್ದರೆ ಅವರಿಂದಲೇ ತಿದ್ದಿಸಲಿ. ಸಂಪಾದಕರು ತಾವಾಗಿ ಕತ್ತರಿ ಹಾಕಬಾರದು. ಜಾತಿ, ಧರ್ಮ, ಹೆಣ್ಣುಮಕ್ಕಳ ಮನೆಯ ವಿಷಯ ಎತ್ತಿದ ಮಾತುಗಳಿಗೆ ಜಾಗವೇ ಇಲ್ಲವೆಂದು ಬೈಲಾದಲ್ಲೇ ಬರೆದಿಡಿ.

ಕೊಂಕಣಿಯಲ್ಲಿ ಹೇಳಿಕೆ ಕೊಡಬಹುದೇ?

ಕೊಡಬಹುದು. ಕಾರವಾರದ ಬಂದರಿನಲ್ಲಿ ಕೊಂಕಣಿ, ಹಳಿಯಾಳದ ಕಡೆ ಮರಾಠಿ, ಭಟ್ಕಳದಲ್ಲಿ ನವಾಯತಿ ಮಾತಾಡುವ ಸದಸ್ಯರು ಇದ್ದಾರೆ. ಒಬ್ಬರ ಹೇಳಿಕೆಯನ್ನು ಸಂಘ ಅನುವಾದಿಸಿಕೊಟ್ಟರೆ ಎಲ್ಲರದನ್ನೂ ಅನುವಾದಿಸಬೇಕು, ಅಷ್ಟೇ.

ಸಂಪಾದಕರೇ ಅಭ್ಯರ್ಥಿಯಾದರೆ?

ನಾಮಪತ್ರ ಕೊಟ್ಟ ದಿನವೇ ಸಂಪಾದಕ ಸ್ಥಾನದಿಂದ ಬಿಡುವು ಪಡೆಯಬೇಕು. ಅಧ್ಯಕ್ಷರ ‘ಅಧ್ಯಕ್ಷರ ನುಡಿ’ ಅಂಕಣಕ್ಕೂ ಇದೇ ನಿಯಮ. ನಮ್ಮ ಸಂಘಗಳಲ್ಲಿ ಕಾರ್ಯದರ್ಶಿಯೇ ಸಂಪಾದಕರಾಗಿರುವುದು ರೂಢಿ, ಆದ್ದರಿಂದ ಈ ಪ್ರಶ್ನೆ ಪ್ರತಿ ಸಲವೂ ಬರುತ್ತದೆ. ಆ ಒಂದೆರಡು ಸಂಚಿಕೆಗೆ ನಿವೃತ್ತ ಸದಸ್ಯರೊಬ್ಬರನ್ನು, ಎರಡೂ ಬಣದವರು ಒಪ್ಪುವವರನ್ನು, ಕೂರಿಸಿ. ಹುಡುಕಿದರೆ ಪ್ರತಿ ತಾಲೂಕಿನಲ್ಲೂ ಅಂಥ ಒಬ್ಬರು ಸಿಗುತ್ತಾರೆ.

ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಏನು ಮಾಡಬೇಕು?

ಈಗ ಹೆಚ್ಚು ಜಗಳ ಇಲ್ಲೇ. ಮೊದಲು ಅಧಿಕೃತ ಗ್ರೂಪು ಯಾವುದು, ಖಾಸಗಿ ಗ್ರೂಪು ಯಾವುದು ಎಂದು ಬೇರೆ ಮಾಡಿ ಎಲ್ಲರಿಗೂ ತಿಳಿಸಿ. ಖಾಸಗಿ ಗ್ರೂಪಿನಲ್ಲಿ ಸದಸ್ಯರು ತಮ್ಮ ಅಭ್ಯರ್ಥಿಯ ಪರ ಏನು ಬೇಕಾದರೂ ಮಾತಾಡಿಕೊಳ್ಳಲಿ, ಅದನ್ನು ತಡೆಯುವ ಅಧಿಕಾರ ಸಂಘಕ್ಕಿಲ್ಲ, ತಡೆಯಲೂಬಾರದು. ಅಧಿಕೃತ ಗ್ರೂಪನ್ನು ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿ, ಚುನಾವಣಾಧಿಕಾರಿಯನ್ನು ಅಡ್ಮಿನ್ ಮಾಡಿ, ಅಭ್ಯರ್ಥಿಗಳಾಗಿರುವ ಅಡ್ಮಿನ್‌ಗಳು ಆ ಸ್ಥಾನ ಬಿಡಲಿ. ಎದುರಾಳಿ ಬಣದವರನ್ನು ಗ್ರೂಪಿನಿಂದ ತೆಗೆದುಹಾಕುವುದು ಅವರನ್ನು ಸಭೆಯಿಂದ ಹೊರಗೆ ಕಳಿಸಿದ್ದಕ್ಕೆ ಸಮ. ತೆಗೆದಿದ್ದರೆ ಅಂದೇ ಸೇರಿಸಬೇಕು.

ಇನ್ನೊಂದು ಗುಟ್ಟಿನ ದಾರಿಯಿದೆ. ಸಂಘದ ರಿಜಿಸ್ಟರಿನಲ್ಲಿರುವ ನಂಬರುಗಳನ್ನು ಹಾಲಿಯವರು ತಮ್ಮ ಫೋನಿಗೆ ಹಾಕಿಕೊಂಡು ‘ಬ್ರಾಡ್‌ಕಾಸ್ಟ್’ ಕಳಿಸುತ್ತಾರೆ. ಸಂದೇಶ ಖಾಸಗಿ ನಂಬರಿನಿಂದ ಬಂದಿದ್ದರೂ ಪಟ್ಟಿ ಸಂಘದ್ದು. ಬಳಸುವುದಾದರೆ ಎಲ್ಲ ಅಭ್ಯರ್ಥಿಗಳ ಸಂದೇಶವೂ ಚುನಾವಣಾಧಿಕಾರಿಯ ಮೂಲಕ, ಒಂದೇ ದಿನ, ಒಂದರ ಹಿಂದೆ ಒಂದರಂತೆ ಹೋಗಲಿ. ಸದಸ್ಯರ ಖಾಸಗಿತನವೂ ಉಳಿಯುತ್ತದೆ.

ಅಭ್ಯರ್ಥಿಯೇ ಅಚ್ಚು ಹಾಕಿಸಿದ ಕರಪತ್ರದ ಮೇಲೆ ಏನಿರಬೇಕು?

ಮುದ್ರಿಸಿದವರ ಮತ್ತು ಪ್ರಕಟಿಸಿದವರ ಹೆಸರು, ವಿಳಾಸ. ವಿಧಾನಸಭೆ, ಲೋಕಸಭೆ ಚುನಾವಣೆಯ ಕರಪತ್ರಗಳಿಗೆ 1951ರ ಜನಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಇದನ್ನು ಕಡ್ಡಾಯ ಮಾಡಿದೆ. ಸಂಘದ ಚುನಾವಣೆಗೆ ಆ ಕಲಂ ಅನ್ವಯಿಸದಿದ್ದರೂ ನಿಯಮವನ್ನು ಎರವಲು ಪಡೆಯಬಹುದು. ಮತದಾನದ ಹಿಂದಿನ ರಾತ್ರಿ ಬಸ್ ಸೀಟಿನ ಮೇಲೆ ಬಿದ್ದಿರುವ ಹೆಸರಿಲ್ಲದ ಹಾಳೆಗಳ ಕಾಟ ಇದರಿಂದ ಕಡಿಮೆಯಾಗುತ್ತದೆ.

ಘಟ್ಟದ ಮೇಲಿನ ಶಾಖೆಗಳಿಗೆ ಪತ್ರಿಕೆ ತಡವಾಗಿ ಬರುತ್ತದೆ. ಇದೂ ಅನ್ಯಾಯವೇ?

ಹೌದು, ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಎಂಬುದು ನನ್ನ ಬೇಸರ. ಕಾರವಾರದ ಸದಸ್ಯನಿಗೆ ಮತದಾನಕ್ಕೆ ಹದಿನೈದು ದಿನ ಮೊದಲು ಹೇಳಿಕೆ ಸಿಕ್ಕಿ, ಸಿದ್ದಾಪುರದವನಿಗೆ ಹಿಂದಿನ ದಿನ ಸಿಕ್ಕರೆ ಇಬ್ಬರಿಗೂ ಒಂದೇ ಅವಕಾಶ ಸಿಕ್ಕಿತೆನ್ನಲಾಗದು. ಮಳೆಗಾಲದಲ್ಲಂತೂ ದೇವಿಮನೆ, ಅರಬೈಲು ಘಟ್ಟಗಳನ್ನು ನಂಬಿ ಕೂರುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ ಹೆದ್ದಾರಿಯೇ ಬಂದ್ ಆಯಿತು. ಮುಂದಿನ ತಿಂಗಳು ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಸಾಧ್ಯವಾದರೆ ಚುನಾವಣೆಯನ್ನು ದೀಪಾವಳಿಯ ನಂತರ ಇಟ್ಟುಕೊಳ್ಳಿ. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಮೊದಲು ದೂರದ ಶಾಖೆಗಳಿಗೆ ಕಟ್ಟು ಕಳಿಸಿ, ತಲುಪಿದ್ದಕ್ಕೆ ಶಾಖೆಯವರ ಸಹಿ ಬಂದ ಮೇಲೆ ಕಾರವಾರದಲ್ಲಿ ಹಂಚಿ.

ಅಭ್ಯರ್ಥಿಗಳಿಂದ ಜಾಹೀರಾತು ತೆಗೆದುಕೊಳ್ಳಬಹುದೇ?

ನನ್ನ ಅಭಿಪ್ರಾಯದಲ್ಲಿ ಬೇಡ. ದರ ಒಂದೇ ಇಟ್ಟರೂ ಹಣವಿದ್ದವರೇ ಕಾಣಿಸುತ್ತಾರೆ. “ಶುಭಕೋರುವವರು” ಎಂದು ಹಿತೈಷಿಗಳು ಕೊಡುವ ಹಬ್ಬದ ಜಾಹೀರಾತುಗಳಿಗೂ ಬಾಗಿಲು ಮುಚ್ಚಿ.

ಆಡಳಿತದವರು ತಮ್ಮ ಬೋರ್ಡಿನಲ್ಲಿ ಒಬ್ಬ ಅಭ್ಯರ್ಥಿಗೆ ಜಾಗ ಕೊಟ್ಟರೆ?

ಒಪ್ಪಬಾರದು. ಮಾಲೀಕರು ಸಂಘದ ವ್ಯವಹಾರದಲ್ಲಿ ಕೈ ಹಾಕುವುದನ್ನು, ಹಣದಿಂದಲೋ ಬೇರೆ ರೀತಿಯಲ್ಲೋ ಬೆಂಬಲಿಸುವುದನ್ನು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಐದನೇ ಅನುಸೂಚಿ ಅನುಚಿತ ಕಾರ್ಮಿಕ ಪದ್ಧತಿ ಎಂದಿತ್ತು. ಈಗ ಅದು ಕೈಗಾರಿಕಾ ಸಂಬಂಧಗಳ ಸಂಹಿತೆಯ ಎರಡನೇ ಅನುಸೂಚಿಯಲ್ಲಿದೆ. ಆಡಳಿತದ ಕಂಪ್ಯೂಟರು, ಜೆರಾಕ್ಸ್ ಮಶೀನು, ಜೀಪುಗಳಿಗೂ ಇದೇ ಮಾತು.

ನಿಯಮ ಮುರಿದರೆ ಏನು ಮಾಡಬೇಕು?

ಬರೆದು ಕೊಡಿ, ಬಾಯಿಮಾತು ಬೇಡ. ಸಂಚಿಕೆಯ ಪ್ರತಿ ಅಥವಾ ಸ್ಕ್ರೀನ್‌ಶಾಟ್ ಇಟ್ಟು, ದಿನಾಂಕ ಹಾಕಿ, ಚುನಾವಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅವರು ಎರಡು ದಿನದಲ್ಲಿ ತೀರ್ಮಾನಿಸಬೇಕೆಂದು ಬೈಲಾದಲ್ಲಿರಲಿ. ತಪ್ಪು ಎಲ್ಲಿ ಆಯಿತೋ ಅಲ್ಲಿಯೇ, ಅಷ್ಟೇ ಎದ್ದುಕಾಣುವಂತೆ ತಿದ್ದುಪಡಿ ಬರಬೇಕು. ಮುಖಪುಟದ ತಪ್ಪಿಗೆ ಕೊನೆಯ ಪುಟದ ಮೂಲೆಯಲ್ಲಿ ವಿಷಾದ ಸಾಲದು. ಪತ್ರಿಕೆ ಮತ್ತೆ ಅಚ್ಚಾಗುವಷ್ಟು ಸಮಯವಿಲ್ಲದಿದ್ದರೆ, ಅನ್ಯಾಯವಾದ ಅಭ್ಯರ್ಥಿಯ ಒಂದು ಹಾಳೆಯನ್ನು ಸಂಘದ ಖರ್ಚಿನಲ್ಲಿ ಎಲ್ಲ ಶಾಖೆಗೂ ಕಳಿಸುವುದು ನ್ಯಾಯ.

ಅದೂ ಆಗದೆ ಮತದಾನ ಮುಗಿದುಹೋದರೆ ಕೇಳಬೇಕಾದ ಪ್ರಶ್ನೆ ಒಂದೇ: ಈ ತಪ್ಪು ಫಲಿತಾಂಶದ ಮೇಲೆ ಪರಿಣಾಮ ಬೀರಿರಬಹುದೇ? ಅಮೆರಿಕದಲ್ಲಿ ಕೋರ್ಟು ಚುನಾವಣೆ ರದ್ದು ಮಾಡುವಾಗ ನೋಡುವುದೂ ಇದನ್ನೇ. ಇನ್ನೂರು ಮತಗಳಿಂದ ಸೋತವರ ಹೇಳಿಕೆಯಲ್ಲಿ ಒಂದು ಅಕ್ಷರ ತಪ್ಪಿದ್ದರೆ ಮರುಚುನಾವಣೆ ಬೇಡ. ನಾಲ್ಕು ಮತಗಳಿಂದ ಸೋತವರ ಹೇಳಿಕೆ ಒಂದು ಶಾಖೆಗೆ ತಲುಪಿಯೇ ಇಲ್ಲವಾದರೆ ಬೇಕು. ಸಂಘದೊಳಗೆ ಇತ್ಯರ್ಥವಾಗದಿದ್ದರೆ ಕೈಗಾರಿಕಾ ಸಂಬಂಧಗಳ ಸಂಹಿತೆಯ 22ನೇ ಕಲಂ ಇದೆ.

ಅವಿರೋಧ ಆಯ್ಕೆಯಾದರೆ ಈ ನಿಯಮಗಳ ಅಗತ್ಯವೇನು?

ನಾಮಪತ್ರ ವಾಪಸ್ ಪಡೆಯುವ ದಿನದವರೆಗೆ ಅಗತ್ಯವಿದೆ. ಪತ್ರಿಕೆಯಲ್ಲಿ ತನಗೆ ಜಾಗ ಸಿಗುವುದಿಲ್ಲ ಎಂದು ಗೊತ್ತಿದ್ದವರು ನಿಲ್ಲುವ ಗೋಜಿಗೇ ಹೋಗುವುದಿಲ್ಲ. ಚುನಾವಣೆಯ ದಿನಾಂಕ, ನಾಮಪತ್ರದ ಕೊನೆಯ ದಿನ, ಯಾವ ಹುದ್ದೆಗೆ ಯಾರು ಅರ್ಹರು ಎಂಬ ಪ್ರಕಟಣೆ ಮುಖಪುಟದಲ್ಲಿ ಬಂದಿತ್ತೇ, ಒಳಗೆಲ್ಲೋ ಸಣ್ಣ ಅಕ್ಷರದಲ್ಲಿ ಬಂದಿತ್ತೇ ಎಂದು ನೋಡಿ. ಅವಿರೋಧ ಆಯ್ಕೆ ಎಷ್ಟು ಪ್ರಾಮಾಣಿಕ ಎಂಬುದು ಅದರಿಂದಲೇ ತಿಳಿಯುತ್ತದೆ.

ಫಲಿತಾಂಶದ ಸಂಚಿಕೆಯಲ್ಲಿ ಏನಿರಬೇಕು?

ಒಟ್ಟು ಮತದಾರರು, ಚಲಾವಣೆಯಾದ ಮತ, ತಿರಸ್ಕೃತ ಮತ, ಪ್ರತಿ ಅಭ್ಯರ್ಥಿಗೆ ಬಂದ ಮತ. ಗೆದ್ದವರದಷ್ಟೇ ಹಾಕಿ ಸೋತವರ ಸಂಖ್ಯೆ ಬಿಡುವ ಅಭ್ಯಾಸ ಕೆಲವು ಕಡೆ ಇದೆ, ಅದು ಬೇಡ. ಬಂದ ದೂರುಗಳು ಮತ್ತು ಅವುಗಳ ಮೇಲಿನ ತೀರ್ಮಾನ ಕೂಡ ಅಚ್ಚಾಗಲಿ. ಹಾರದ ಫೋಟೊಗಳನ್ನು ಈ ಸಂಚಿಕೆಯಲ್ಲಿ ಧಾರಾಳವಾಗಿ ಹಾಕಬಹುದು.